ಜೀರ್ಣೋದ್ಧಾರದ ಕಸುಬು

(ಸಂಘದ ರಾಜ್ಯೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣದ ಲೇಖನರೂಪ)



ರಾಜ್ಯೋತ್ಸವದ ವೇದಿಕೆಯನ್ನು ಹತ್ತಿದವರು ಕದಂಬರಿಂದ ಆರಂಭಿಸಿ ವಿಜಯನಗರದ ವರೆಗೆ ಬಂದು, ಅಲ್ಲಿ ಒಂದು ನಿಟ್ಟುಸಿರು ಬಿಟ್ಟು, 1956ನೆಯ ಇಸವಿಯ ನವೆಂಬರ್ ಒಂದನೆಯ ತಾರೀಖಿಗೆ ಮುಗಿಸುವುದು ವಾಡಿಕೆ. ಈ ಸಲ ಸಮಿತಿಯವರು ನಮ್ಮನ್ನು ಕರೆದು, "ಅದನ್ನೆಲ್ಲ ಬೇರೆಯವರು ಹೇಳುತ್ತಾರೆ. ನೀವು ದಿನಾ ನೋಡುವುದೇನಾದರೂ ಇದ್ದರೆ ಹೇಳಿ, ಆದರೆ ಬ್ಯಾಂಕಿನ ಬಡ್ಡಿಯ ಮಾತು ಮಾತ್ರ ಬೇಡ" ಎಂದು ಅಪ್ಪಣೆ ಮಾಡಿದರು. ನಾವು ಕೆಲವರು ಫೋರ್ಟಿನ ಬ್ಯಾಂಕುಗಳಲ್ಲಿ ಗುಮಾಸ್ತರು. ದಿನಾ ನೋಡುವುದೆಂದರೆ ಲೋಕಲ್ ರೈಲಿನ ಜನಜಂಗುಳಿ, ಲೆಡ್ಜರು, ಮತ್ತು ದಾರಿಯ ಎರಡು ಬದಿಯಲ್ಲಿ ನಿಂತಿರುವ ಹಳೆಯ ಕಲ್ಲುಕಟ್ಟಡಗಳು. ಮೊದಲಿನ ಎರಡರ ವಿಷಯ ಇಲ್ಲಿ ಕುಳಿತವರಿಗೆಲ್ಲ ಗೊತ್ತೇ ಇದೆ. ಆದ್ದರಿಂದ ಮೂರನೆಯದನ್ನು ಆರಿಸಿಕೊಂಡಿದ್ದೇವೆ. ಕಟ್ಟಡಗಳ ಚರಿತ್ರೆಯನ್ನಲ್ಲ, ಅವು ಬೀಳದಂತೆ ನೋಡಿಕೊಳ್ಳುವ ವಾಸ್ತುಶಿಲ್ಪಿಗಳ ಕೆಲಸವನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದಿದ್ದೇವೆ. ಇದನ್ನೇ ಏಕೆ ಆರಿಸಿದೆವು ಎಂಬುದಕ್ಕೆ ಊರಿನ ಕಡೆಯ ಒಂದು ಕಾರಣವೂ ಇದೆ. ಅದು ಮುಂದೆ ಬರುತ್ತದೆ.

ನಾವು ಬಿ.ಕಾಂ. ಓದಿದವರು. ನಮ್ಮ ಶಾಸ್ತ್ರದಲ್ಲಿ ಕಟ್ಟಡವೆಂದರೆ ಪ್ರತಿ ವರ್ಷ ಸವಕಳಿ ಬರೆಯಬೇಕಾದ ಆಸ್ತಿ. ಇಂತಿಷ್ಟು ಶೇಕಡಾ ಎಂದು ಕಳೆಯುತ್ತ ಹೋದರೆ ಒಂದು ದಿನ ಆ ಕಟ್ಟಡದ ಬೆಲೆ ಲೆಕ್ಕದ ಪುಸ್ತಕದಲ್ಲಿ ಒಂದು ರೂಪಾಯಿಗೆ ಬಂದು ನಿಲ್ಲುತ್ತದೆ. ಆದರೆ ಅದೇ ಕಟ್ಟಡ ಹೊರಗೆ ಬಿಸಿಲಿನಲ್ಲಿ ಕಂಬ, ಕಮಾನು ಸಹಿತ ಗಟ್ಟಿಯಾಗಿ ನಿಂತು, ಅದರ ನೆರಳಿನಲ್ಲಿ ನೂರು ಜನ ಬಸ್ಸಿಗೆ ಕಾಯುತ್ತಿರುತ್ತಾರೆ. ಪುಸ್ತಕದ ಲೆಕ್ಕಕ್ಕೂ ಬೀದಿಯ ಲೆಕ್ಕಕ್ಕೂ ತಾಳೆಯಾಗದ ಈ ಜಾಗದಲ್ಲಿಯೇ ನಾವು ಹೇಳುತ್ತಿರುವ ಕಸುಬಿನವರು ಕೆಲಸ ಮಾಡುತ್ತಾರೆ.

ಮುಂಬಯಿಯಲ್ಲಿ ಹೆಸರುಗಳು ಉಳಿದು ವಸ್ತುಗಳು ಹೋಗುವುದು ಹೊಸದಲ್ಲ. ಚರ್ಚ್‌ಗೇಟ್ ಸ್ಟೇಷನ್ನಿನಲ್ಲಿ ಇಳಿಯುವ ನಮ್ಮವರಲ್ಲಿ ಎಷ್ಟು ಮಂದಿ ಆ 'ಗೇಟು' ಎಲ್ಲಿ ಎಂದು ಕೇಳಿದ್ದಾರೆ? ಹಳೆಯ ಕೋಟೆಗೆ ಮೂರು ಬಾಗಿಲುಗಳಿದ್ದವು. ಸಂತ ಥಾಮಸರ ಇಗರ್ಜಿಯ ಕಡೆಗೆ ಹೋಗುವ ಬಾಗಿಲು ಚರ್ಚ್‌ಗೇಟ್. 1860ರ ದಶಕದಲ್ಲಿ ಕೋಟೆಯ ಗೋಡೆಗಳನ್ನು ಕೆಡವಿದಾಗ ಬಾಗಿಲು ಹೋಯಿತು, ಹೆಸರು ರೈಲಿನವರ ಪಾಲಿಗೆ ಬಂತು. ಇಗರ್ಜಿ ಮಾತ್ರ ಈಗಲೂ ಇದೆ. 1676ರಲ್ಲಿ ಅಡಿಪಾಯ ಹಾಕಿ, ನಡುವೆ ಕೆಲಸ ನಿಂತು, 1718ರ ಕ್ರಿಸ್‌ಮಸ್ ದಿನ ತೆರೆದ ಕಟ್ಟಡ ಅದು. ಇನ್ನೂರೆಂಬತ್ತು ಮಳೆಗಾಲಗಳನ್ನು ಕಂಡ ಮೇಲೆ ಅದರ ದುರಸ್ತಿಯನ್ನು ಕೈಗೆತ್ತಿಕೊಂಡವರು ಬೃಂದಾ ಸೋಮಯ್ಯ ಎಂಬ ವಾಸ್ತುಶಿಲ್ಪಿ. 2004ರಲ್ಲಿ ಆ ಕೆಲಸಕ್ಕೆ ಯುನೆಸ್ಕೋದ ಪ್ರಶಸ್ತಿ ಬಂತು. ಅವರ ಸಂಸ್ಥೆಯ ಹೆಸರು 'ಸೋಮಯ್ಯ ಮತ್ತು ಕಾಳಪ್ಪ'. ಈ ಎರಡು ಹೆಸರನ್ನು ಕೇಳಿದೊಡನೆ ನಮ್ಮ ಸಭೆಯ ಕೊಡಗಿನ ಬಂಧುಗಳ ಮುಖ ಅರಳಿದ್ದು ಇಲ್ಲಿಂದಲೇ ಕಾಣುತ್ತಿದೆ.

ಹೊಸ ಮನೆ ಕಟ್ಟುವ ಎಂಜಿನಿಯರರು, ವಾಸ್ತುಶಿಲ್ಪಿಗಳು ನಮಗೆ ಗೊತ್ತು. ಬ್ಯಾಂಕಿನ ಸಾಲದ ಕಡತದಲ್ಲಿ ಅವರ ಮೊಹರು ದಿನಾ ಕಾಣುತ್ತದೆ. ಹಳೆಯದನ್ನು ಉಳಿಸುವ ವಾಸ್ತುಶಿಲ್ಪಿ ಬೇರೆ ಜಾತಿಯವನು. ಐದು ವರ್ಷದ ವಾಸ್ತುಶಿಲ್ಪದ ಪದವಿ ಮುಗಿಸಿದ ಮೇಲೆ ಸಂರಕ್ಷಣೆಯನ್ನೇ ವಿಶೇಷವಾಗಿ ಓದಿ ಬಂದಿರುತ್ತಾನೆ. ಹೊಸದನ್ನು ಕಟ್ಟುವವನಿಗೆ ಬಯಲು ಸಿಕ್ಕರೆ ಸಂತೋಷ. ಇವನಿಗೆ ಎಲ್ಲ ಅಡೆತಡೆಗಳೂ ಮೊದಲೇ ನಿಂತಿವೆ. ತನ್ನ ಕೈಚಳಕ ಎದ್ದು ಕಾಣದಂತೆ ಮಾಡುವುದೇ ಇವನ ಕೈಚಳಕ. 1964ರಲ್ಲಿ ವೆನಿಸ್ ನಗರದಲ್ಲಿ ಸೇರಿದ ತಜ್ಞರು ಈ ಕಸುಬಿಗೆ ಒಂದು ಸಂಹಿತೆಯನ್ನು ಬರೆದರು. ಊಹೆ ಎಲ್ಲಿ ಆರಂಭವಾಗುತ್ತದೆಯೋ ಅಲ್ಲಿ ಜೀರ್ಣೋದ್ಧಾರ ನಿಲ್ಲಬೇಕು ಎಂಬುದು ಅದರ ತಿರುಳು. ನಮ್ಮ ದೇಶದಲ್ಲಿ 1984ರಲ್ಲಿ ಹುಟ್ಟಿದ ಇಂಟ್ಯಾಕ್ ಸಂಸ್ಥೆ 2004ರಲ್ಲಿ ನಮ್ಮ ಪರಿಸ್ಥಿತಿಗೆ ಹೊಂದುವ ಇನ್ನೊಂದು ಸಂಹಿತೆಯನ್ನು ಮಾಡಿ, ಪರಂಪರೆಯಿಂದ ಬಂದ ಸ್ಥಪತಿಗಳ, ಕಲ್ಲುಕುಟಿಗರ, ಬಡಗಿಗಳ ವಿದ್ಯೆಗೂ ಅದರಲ್ಲಿ ಸ್ಥಾನ ಕೊಟ್ಟಿತು. ಇದು ದೊಡ್ಡ ಮಾತು. ಏಕೆಂದರೆ ಯುರೋಪಿನ ಪಾಳುಗೋಡೆಗೆ ಹೇಳಿದ ನಿಯಮ ನಿತ್ಯಪೂಜೆ ನಡೆಯುವ ಗುಡಿಗೆ ಹಾಗೆಯೇ ಒಪ್ಪುವುದಿಲ್ಲ.

ಈ ವೈದ್ಯರು ರೋಗಿಯನ್ನು ಪರೀಕ್ಷಿಸುವ ಕ್ರಮ ಕೇಳತಕ್ಕದ್ದು. ಮೊದಲು ಅಳತೆ. ಪ್ರತಿ ಕಿಟಕಿ, ಪ್ರತಿ ಮೆಟ್ಟಿಲು, ಪ್ರತಿ ಬಿರುಕು ನಕ್ಷೆಯ ಮೇಲೆ ಬರಬೇಕು. ಬಿರುಕು ಕಂಡಕೂಡಲೇ ಮುಚ್ಚುವುದಿಲ್ಲ. ಅದರ ಮೇಲೆ ಅಡ್ಡಲಾಗಿ ಒಂದು ಗಾಜಿನ ಪಟ್ಟಿಯನ್ನು ಅಂಟಿಸಿ ತಾರೀಖು ಬರೆದು ಕಾಯುತ್ತಾರೆ. ಗಾಜು ಒಡೆದರೆ ಗೋಡೆ ಇನ್ನೂ ಸರಿಯುತ್ತಿದೆ ಎಂದು ಅರ್ಥ. ಒಂದು ಮಳೆಗಾಲ, ಒಂದು ಬೇಸಿಗೆ ಕಳೆದರೂ ಒಡೆಯದಿದ್ದರೆ ಅದು ಹಳೆಯ ಗಾಯ, ಮಾಯ್ದಿದೆ ಎಂದು ಅರ್ಥ. ಗಾರೆಯನ್ನು ಬೆರಳಿನ ಗೆಣ್ಣಿನಿಂದ ತಟ್ಟಿ ಕೇಳುತ್ತಾರೆ, ನಮ್ಮ ಮನೆಯ ಹೆಂಗಸರು ಸಂತೆಯಲ್ಲಿ ಮಡಕೆಯನ್ನು ತಟ್ಟಿ ನೋಡುವ ಹಾಗೆ; ಟೊಳ್ಳು ಸದ್ದು ಬಂದ ಕಡೆ ಗಾರೆ ಗೋಡೆಯನ್ನು ಬಿಟ್ಟಿದೆ. ಬಣ್ಣವನ್ನು ಚಿಕ್ಕ ಚಾಕುವಿನಿಂದ ಪದರ ಪದರವಾಗಿ ಕೆರೆದು ಮೊದಲ ದಿನದ ಬಣ್ಣ ಯಾವುದೆಂದು ಹುಡುಕುತ್ತಾರೆ. ಗಾರೆಯ ಒಂದು ತುಂಡನ್ನು ಆಮ್ಲದಲ್ಲಿ ಕರಗಿಸಿ, ಸುಣ್ಣವೆಷ್ಟು ಮರಳೆಷ್ಟು ಎಂದು ಲೆಕ್ಕ ಹಾಕುತ್ತಾರೆ. ಇಷ್ಟೆಲ್ಲ ಆದ ಮೇಲೆ ಬಹಳ ಸಲ ಸಿಗುವ ಉತ್ತರ ತೀರ ಸಾಮಾನ್ಯದ್ದು: ತಾರಸಿಯ ಮೇಲಿನ ನೀರಿನ ಕೊಳವೆ ಕಟ್ಟಿಕೊಂಡಿದೆ, ಅಥವಾ ಗೋಡೆಯ ಸಂದಿನಲ್ಲಿ ಅರಳಿಯ ಸಸಿ ಬೇರುಬಿಟ್ಟಿದೆ. ಮುಂಬಯಿಯ ಕಟ್ಟಡಗಳಿಗೆ ಮುಖ್ಯ ಶತ್ರು ನೀರು. ಮಳೆಗಾಲದ ಮುಂಚೆ ಒಬ್ಬ ಆಳು ಕೊಳವೆಯ ಕಸ ತೆಗೆದಿದ್ದರೆ ಸಾಕಾಗುತ್ತಿದ್ದ ಕಡೆ ಮುಂದೆ ಕೋಟಿ ರೂಪಾಯಿಯ ಕೆಲಸ ಬರುತ್ತದೆ.

ಇನ್ನು ಸುಣ್ಣದ ಮಾತು. ಇದನ್ನು ಸ್ವಲ್ಪ ವಿಸ್ತಾರವಾಗಿ ಹೇಳಲು ಅಪ್ಪಣೆಯಾಗಬೇಕು, ಏಕೆಂದರೆ ನಮ್ಮ ಮುಂದಿನ ಮಾತೆಲ್ಲ ಇದರ ಮೇಲೆಯೇ ನಿಂತಿದೆ. ಸಿಮೆಂಟು ಬರುವುದಕ್ಕೆ ಮೊದಲು ನಮ್ಮವರು ಸುಣ್ಣದ ಕಲ್ಲನ್ನೋ ಕರಾವಳಿಯಲ್ಲಾದರೆ ಚಿಪ್ಪನ್ನೋ ಸುಟ್ಟು, ನೀರಿನಲ್ಲಿ ಅರಳಿಸಿ, ವಾರಗಟ್ಟಲೆ ನೆನೆಯಿಟ್ಟು, ಮರಳಿನೊಡನೆ ಗಾಣದಲ್ಲಿ ಅರೆದು ಗಾರೆ ಮಾಡುತ್ತಿದ್ದರು. ಬೆಲ್ಲದ ನೀರು, ಅಳಲೆಕಾಯಿಯ ಕಷಾಯ ಸೇರಿಸುವುದೂ ಇತ್ತು. ಈ ಗಾರೆ ಗಾಳಿಯಲ್ಲಿನ ಇಂಗಾಲಾಮ್ಲವನ್ನು ಹೀರಿ ನಿಧಾನವಾಗಿ ಮತ್ತೆ ಕಲ್ಲಾಗುತ್ತದೆ. ಅದು ಮೆದು, ಗೋಡೆ ತುಸು ಅಲುಗಿದರೆ ತಾನೂ ಅಲುಗುತ್ತದೆ. ಗೋಡೆಯೊಳಗೆ ಹೊಕ್ಕ ತೇವ ಅದರ ಮೂಲಕ ಹೊರಗೆ ಆರಿಹೋಗುತ್ತದೆ. ಸಿಮೆಂಟು ಹಾಗಲ್ಲ. ಅದು ಗಟ್ಟಿ, ಬಿಗಿ, ನೀರು ಬಿಡದು. ಹೊಸ ಮನೆಗೆ ಅದೇ ಗುಣ. ಹಳೆಯ ಗೋಡೆಗೆ ಅದೇ ದೋಷ. ಮೆದು ಕಲ್ಲಿನ ಸಂದಿಗೆ ಸಿಮೆಂಟು ತುಂಬಿದರೆ ತೇವಕ್ಕೆ ಹೊರಬರಲು ಕಲ್ಲೇ ದಾರಿಯಾಗುತ್ತದೆ. ತೇವದೊಡನೆ ಬಂದ ಉಪ್ಪು ಕಲ್ಲಿನ ಮೈಯಲ್ಲಿ ಹರಳುಗಟ್ಟಿ, ಕಲ್ಲು ಹಪ್ಪಳದ ಹಾಗೆ ಎದ್ದು ಉದುರುತ್ತದೆ. ಹತ್ತು ವರ್ಷದಲ್ಲಿ ನೋಡಿದರೆ ಸಿಮೆಂಟಿನ ಗೆರೆಗಳು ನೆಟ್ಟಗೆ ನಿಂತಿರುತ್ತವೆ, ನಡುವಿನ ಕಲ್ಲು ಸವೆದು ಗುಳಿ ಬಿದ್ದಿರುತ್ತದೆ. ಕಲ್ಲಿಗೆ ಬಳಿಯುವ ಎಣ್ಣೆಬಣ್ಣವೂ ಇದೇ ಕೆಲಸ ಮಾಡುತ್ತದೆ. ದೆಹಲಿಯಲ್ಲಿ ಹುಮಾಯೂನನ ಸಮಾಧಿಯನ್ನು 2007ರಿಂದ 2013ರ ವರೆಗೆ ಆಗಾ ಖಾನ್ ಟ್ರಸ್ಟಿನವರು ದುರಸ್ತಿ ಮಾಡಿದಾಗ, ಹಿಂದಿನವರು ಸೋರಿಕೆ ನಿಲ್ಲಿಸುವುದಕ್ಕೆಂದು ಮಾಳಿಗೆಯ ಮೇಲೆ ಪದರಪದರವಾಗಿ ಹಾಕಿದ್ದ ಕಾಂಕ್ರೀಟನ್ನು ಕೈಯಿಂದ ಒಡೆದು ಇಳಿಸಿದರು. ಅದರ ತೂಕ ಹತ್ತು ಲಕ್ಷ ಕಿಲೋ! ಆರೈಕೆಯೆಂದು ಹಿಂದಿನವರು ಹೇರಿದ ಭಾರವನ್ನು ಕೆಳಗಿನ ಕಟ್ಟಡ ಅಷ್ಟು ವರ್ಷ ಹೊತ್ತು ನಿಂತಿತ್ತು.

ಮುಂಬಯಿಗೆ ಬರೋಣ. ಫ್ಲೋರಾ ಫೌಂಟನ್ ನಮ್ಮವರಿಗೆಲ್ಲ ಗುರುತಿನ ಜಾಗ. "ಫೌಂಟನ್ ಹತ್ತಿರ ನಿಲ್ಲು, ಬರುತ್ತೇನೆ" ಎಂದು ಹೇಳದ ಕನ್ನಡಿಗ ಫೋರ್ಟಿನಲ್ಲಿಲ್ಲ. 1864ರ ಸುಮಾರಿಗೆ ಸಿದ್ಧವಾದ ಈ ಕಾರಂಜಿಯ ವಿನ್ಯಾಸ ನಾರ್ಮನ್ ಶಾ ಎಂಬವನದು, ಶಿಲ್ಪ ಜೇಮ್ಸ್ ಫೋರ್ಸೈತನದು, ಕಲ್ಲು ಇಂಗ್ಲೆಂಡಿನ ಪೋರ್ಟ್‌ಲೆಂಡಿನದು. ಆಗಿನ ಖರ್ಚು 47,000 ರೂಪಾಯಿ; ಅದರಲ್ಲಿ 20,000 ಕೊಟ್ಟವರು ಒಬ್ಬ ಪಾರ್ಸಿ ಗೃಹಸ್ಥರು. ಬೈಕುಲ್ಲಾದ ವಿಕ್ಟೋರಿಯಾ ಉದ್ಯಾನಕ್ಕೆಂದು ಹೊರಟದ್ದು ಈ ಚೌಕಕ್ಕೆ ಬಂದು ನಿಂತಿತು. ಕಾಲಕ್ರಮದಲ್ಲಿ ನೀರು ನಿಂತಿತು, ಕೊಳವೆಗಳು ಕೆಟ್ಟವು, ಶುಚಿಯಾಗಿ ಕಾಣಲೆಂದು ಸುಂದರ ಶಿಲ್ಪಗಳ ಮೇಲೆ ಬಿಳಿಯ ಬಣ್ಣವನ್ನು ಪದೇ ಪದೇ ಬಳಿದದ್ದರಿಂದ ದೇವಿಯ ಕಣ್ಣು ಮೂಗಿನ ರೇಖೆಯೇ ಮುಚ್ಚಿಹೋಯಿತು. ವಾಸ್ತುಶಿಲ್ಪಿ ವಿಕಾಸ್ ದಿಲಾವರಿಯವರ ಮಾರ್ಗದರ್ಶನದಲ್ಲಿ ದುರಸ್ತಿ ನಡೆದು 2019ರ ಜನವರಿಯಲ್ಲಿ ಮತ್ತೆ ನೀರು ಚಿಮ್ಮಿತು. ಬಣ್ಣ ಇಳಿಸುವುದಕ್ಕೇ ಎಷ್ಟೋ ದಿನ ಹಿಡಿಯಿತು, ಏಕೆಂದರೆ ಬಣ್ಣದೊಡನೆ ಕಲ್ಲಿನ ಚರ್ಮ ಬರಬಾರದು. ಸುತ್ತಲಿನ ನೆಲವನ್ನು ಅಗೆದಾಗ ಒಂದು ವಿಶೇಷ ಕಂಡಿತು: ಡಾಂಬರಿನ ಅಡಿಯಲ್ಲಿ ಟ್ರಾಮಿನ ಹಳಿಗಳು, ಅವುಗಳ ಬದಿಯ ಕರಿಗಲ್ಲಿನ ಹಾಸು ಸಹಿತ. 1874ರಲ್ಲಿ ಕುದುರೆ ಎಳೆಯಲಾರಂಭಿಸಿ, 1907ರಲ್ಲಿ ವಿದ್ಯುತ್ತು ಬಂದು, 1964ರ ಮಾರ್ಚ್ 31ರಂದು ಕೊನೆಯ ಗಂಟೆ ಹೊಡೆದ ಟ್ರಾಮು. ಒಂದಾಣೆಯ ಟಿಕೇಟಿನಲ್ಲಿ ದಾದರಿನ ವರೆಗೆ ಹೋಗುತ್ತಿದ್ದೆವೆಂದು ನಮ್ಮ ಹಿರಿಯರು ಹೇಳುತ್ತಿದ್ದುದು ಕಥೆಯಲ್ಲ, ನೆಲದಡಿಯಲ್ಲಿ ಇನ್ನೂ ಇತ್ತು.

ಬೈಕುಲ್ಲಾದ ಭಾವು ದಾಜಿ ಲಾಡ್ ವಸ್ತುಸಂಗ್ರಹಾಲಯವನ್ನು ರವಿವಾರ ಮಕ್ಕಳೊಡನೆ ನೋಡಿಬಂದವರು ನಮ್ಮಲ್ಲಿ ಹಲವರಿದ್ದಾರೆ. 1872ರಲ್ಲಿ ತೆರೆದದ್ದು, 2003ರಲ್ಲಿ ನಗರಪಾಲಿಕೆ, ಇಂಟ್ಯಾಕ್ ಮತ್ತು ಒಂದು ಉದ್ಯಮಿ ಕುಟುಂಬದ ಪ್ರತಿಷ್ಠಾನ ಸೇರಿ ದುರಸ್ತಿಗೆ ಒಪ್ಪಂದ ಮಾಡಿಕೊಂಡವು. 2005ರಲ್ಲಿಯೇ ಯುನೆಸ್ಕೋದ ಅತ್ಯುಚ್ಚ ಪ್ರಶಸ್ತಿ ಬಂತು, 2008ರಲ್ಲಿ ಬಾಗಿಲು ತೆರೆಯಿತು. ಹಾಗೆಯೇ ಗಿರಗಾಂವಿನ ಕಡೆಯ ರಾಯಲ್ ಆಪೆರಾ ಹೌಸ್. 1911ರಲ್ಲಿ ಐದನೆಯ ಜಾರ್ಜ್ ದೊರೆ ಉದ್ಘಾಟಿಸಿದ ಈ ನಾಟಕಶಾಲೆ ಆಮೇಲೆ ಸಿನಿಮಾ ಮಂದಿರವಾಗಿ, 1993ರಲ್ಲಿ ಮುಚ್ಚಿ, ಇಪ್ಪತ್ತಮೂರು ವರ್ಷ ಬೀಗ ಹಾಕಿಕೊಂಡು ಕೂತಿತ್ತು. ಅದರ ಒಡೆಯರಾದ ಗೊಂಡಲದ ರಾಜಮನೆತನದವರು ಆಭಾ ನಾರಾಯಣ ಲಾಂಬಾ ಎಂಬ ವಾಸ್ತುಶಿಲ್ಪಿಗೆ ಒಪ್ಪಿಸಿದರು. ಅವರು ಹಳೆಯ ಛಾಯಾಚಿತ್ರಗಳನ್ನು ಹುಡುಕಿ ಒಳಾಂಗಣವನ್ನು ಮೊದಲಿನಂತೆ ಮಾಡಿ, 2016ರ ಅಕ್ಟೋಬರಿನಲ್ಲಿ ದೀಪ ಹಚ್ಚಿಸಿದರು.

ಇದೇ ಲಾಂಬಾ ಅವರ ಇನ್ನೊಂದು ಕೆಲಸ ನಮಗೆ ಹೆಚ್ಚು ಇಷ್ಟ, ಏಕೆಂದರೆ ಅಲ್ಲಿ ರಾಜರಿಲ್ಲ, ಅಂಗಡಿಯವರಿದ್ದಾರೆ. ದಾದಾಭಾಯಿ ನವರೋಜಿ ರಸ್ತೆಯ ಕಮಾನುಗಳ ಸಾಲು ನಿಮಗೆಲ್ಲ ಗೊತ್ತು. 1990ರ ದಶಕದಲ್ಲಿ ಆ ಕಮಾನುಗಳೇ ಕಾಣದಂತೆ ಬೋರ್ಡುಗಳು ಒಂದರ ಮೇಲೊಂದು ಹತ್ತಿದ್ದವು. ಅವರು ಅಂಗಡಿ ಅಂಗಡಿಗೆ ಹೋಗಿ, ಬೋರ್ಡನ್ನು ಕಮಾನಿನ ಒಳಗೆ ಕೂಡುವಷ್ಟು ಚಿಕ್ಕದು ಮಾಡಿಸುವ ನಿಯಮವನ್ನು ರೂಪಿಸಿದರು. ಕಲ್ಲಿಗೆ ಕೈ ಹಚ್ಚದೆ ಒಂದು ಬೀದಿ ಮೊದಲಿನ ಮುಖವನ್ನು ಪಡೆಯಿತು. ಅಂಗಡಿಯವನನ್ನು ಬೋರ್ಡು ಚಿಕ್ಕದು ಮಾಡಲು ಒಪ್ಪಿಸುವುದು ಗೋಪುರ ನಿಲ್ಲಿಸುವುದಕ್ಕಿಂತ ಕಷ್ಟದ ಕೆಲಸವೆಂದು, ಸಾಲ ವಸೂಲಿಗೆ ಅಂಗಡಿ ಸುತ್ತುವ ನಮಗೆ ಚೆನ್ನಾಗಿ ಗೊತ್ತು.

ರಾಜಾಬಾಯಿ ಗೋಪುರದ ವಿಷಯದಲ್ಲಿ ಬ್ಯಾಂಕಿನವರಾದ ನಾವು ಒಂದು ಮಾತು ಹೇಳದೆ ಹೋಗಲಾಗದು. 280 ಅಡಿ ಎತ್ತರದ ಈ ಗಡಿಯಾರದ ಗೋಪುರ 1878ರಲ್ಲಿ ಪೂರ್ಣವಾಯಿತು. ಹಣ ಕೊಟ್ಟವರು ಪ್ರೇಮಚಂದ್ ರಾಯಚಂದ್, ಹೆಸರು ಅವರ ತಾಯಿಯದು. ಅಮೇರಿಕದ ಅಂತರ್ಯುದ್ಧದ ಕಾಲದಲ್ಲಿ ಹತ್ತಿಯ ಬೆಲೆ ಏರಿ ಮುಂಬಯಿಯಲ್ಲಿ ಹಣದ ಹೊಳೆ ಹರಿಯಿತು. 1865ರಲ್ಲಿ ಯುದ್ಧ ಮುಗಿದು ಬೆಲೆ ಬಿದ್ದಾಗ ಷೇರುಗಳೆಲ್ಲ ಕಾಗದವಾಗಿ, ಅಂದಿನ ಬ್ಯಾಂಕ್ ಆಫ್ ಬಾಂಬೆಯೇ ಮುಳುಗಿತು. ಆ ಆಟದ ಮುಖ್ಯ ಆಟಗಾರ ಈ ಪ್ರೇಮಚಂದರೇ. ಬ್ಯಾಂಕು ಹೋಯಿತು, ಗೋಪುರ ಉಳಿಯಿತು! 2013ರಿಂದ 2015ರ ವರೆಗೆ ಒಂದು ಕಂಪ್ಯೂಟರ್ ಕಂಪನಿಯವರು ಕೊಟ್ಟ ನಾಲ್ಕು ಕೋಟಿಗೂ ಮಿಕ್ಕ ಹಣದಿಂದ ಗೋಪುರದ, ಗ್ರಂಥಾಲಯದ ದುರಸ್ತಿಯಾಯಿತು, ಬಣ್ಣದ ಗಾಜಿನ ಕಿಟಕಿಗಳೂ ಸೇರಿ. ಇಲ್ಲಿಯೂ ವಾಸ್ತುಶಿಲ್ಪಿ ಬೃಂದಾ ಸೋಮಯ್ಯನವರೇ.

ಆದರೆ ಪ್ರಶಸ್ತಿ ಬಂದರೆ ಗೆದ್ದಂತೆ ಎಂದು ತಿಳಿಯಬಾರದು. ಅಹಮದಾಬಾದಿನ ಮ್ಯಾನೇಜ್‌ಮೆಂಟ್ ಸಂಸ್ಥೆಯಲ್ಲಿ ಲೂಯಿ ಕಾನ್ ಎಂಬ ಅಮೇರಿಕದ ವಾಸ್ತುಶಿಲ್ಪಿ ಕಟ್ಟಿದ ಇಟ್ಟಿಗೆಯ ಗ್ರಂಥಾಲಯವನ್ನು ಇವರೇ ದುರಸ್ತಿ ಮಾಡಿ 2019ರಲ್ಲಿ ಯುನೆಸ್ಕೋದ ಮನ್ನಣೆ ಪಡೆದರು. ಮರುವರ್ಷವೇ, 2020ರ ಡಿಸೆಂಬರಿನಲ್ಲಿ, ಅದೇ ಆವರಣದ 18 ವಿದ್ಯಾರ್ಥಿನಿಲಯಗಳಲ್ಲಿ 14ನ್ನು ಕೆಡಹುತ್ತೇವೆಂದು ಸಂಸ್ಥೆ ಸಾರಿತು. ದೇಶವಿದೇಶಗಳಿಂದ ಪತ್ರಗಳು ಬಂದ ಮೇಲೆ ಕೆಲವೇ ದಿನಗಳಲ್ಲಿ ಹಿಂದೆಗೆಯಿತು. 2022ರ ನವೆಂಬರಿನಲ್ಲಿ ಮತ್ತೆ ಹೊಸ ಕಟ್ಟಡದ ಮಾತು ತೆಗೆಯಿತು. ಇಟ್ಟಿಗೆ ಸವೆದಿದೆ, ಮಕ್ಕಳ ಪ್ರಾಣಕ್ಕೆ ಅಪಾಯ ಎಂಬುದು ಅವರ ವಾದ. ಅದನ್ನು ಸುಳ್ಳೆಂದು ತಳ್ಳಿಹಾಕುವುದು ಸುಲಭವಲ್ಲ.

ಹಣದ ಗಂಟು ಎಲ್ಲಿದೆಯೆಂದು ನಮ್ಮ ಕಣ್ಣಿಗೆ ಬೇಗ ಬೀಳುತ್ತದೆ. 1995ರಲ್ಲಿ ಮುಂಬಯಿಯಲ್ಲಿ ಪಾರಂಪರಿಕ ಕಟ್ಟಡಗಳ ನಿಯಮ ಬಂತು. ಆರುನೂರಕ್ಕೂ ಹೆಚ್ಚು ಕಟ್ಟಡ ಮತ್ತು ಪ್ರದೇಶಗಳನ್ನು ಮೂರು ದರ್ಜೆಯಲ್ಲಿ ಪಟ್ಟಿ ಮಾಡಿದರು. ಸಮಿತಿಯ ಒಪ್ಪಿಗೆಯಿಲ್ಲದೆ ಮುಟ್ಟುವಂತಿಲ್ಲ. ಒಳ್ಳೆಯದೇ. ಆದರೆ ಮುಟ್ಟಬೇಡ ಎಂದವರು ದುರಸ್ತಿಯ ಹಣ ಎಲ್ಲಿಂದ ಎಂದು ಹೇಳಲಿಲ್ಲ. 1947ರ ಬಾಡಿಗೆ ಕಾಯಿದೆ ಹಳೆಯ ಬಾಡಿಗೆಯನ್ನು ಎಲ್ಲಿದ್ದಲ್ಲಿ ನಿಲ್ಲಿಸಿತ್ತು. ನಮ್ಮವರೂ ಇದರ ನೆರಳಿನಲ್ಲಿ ಬಾಳಿದವರೇ. ಚಾಳಿನ ಖೋಲಿಗೆ ಅಷ್ಟು ಕಡಿಮೆ ಬಾಡಿಗೆಯಿಲ್ಲದಿದ್ದರೆ ಎಷ್ಟು ಕುಟುಂಬ ಈ ಊರಿನಲ್ಲಿ ಮಕ್ಕಳನ್ನು ಓದಿಸುತ್ತಿದ್ದವು? ಆದರೆ ಆ ಬಾಡಿಗೆಯಿಂದ ಮಾಲಿಕನು ಹೆಂಚು ಬದಲಿಸಲಾರ, ಬಾಡಿಗೆದಾರನು ತನ್ನದಲ್ಲದ ಗೋಡೆಗೆ ಹಣ ಹಾಕಲಾರ. ವಾಟ್ಸನ್ ಹೋಟೆಲಿನ ಗತಿ ನೋಡಿ. 1860ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಎರಕ ಹೊಯ್ದ ಕಬ್ಬಿಣದ ಕಂಬಗಳನ್ನು ಹಡಗಿನಲ್ಲಿ ತಂದು ನಿಲ್ಲಿಸಿದ ಕಟ್ಟಡ. 1896ರ ಜುಲೈ 7ರಂದು ಈ ದೇಶದಲ್ಲಿ ಮೊದಲ ಚಲಿಸುವ ಚಿತ್ರ ತೋರಿಸಿದ್ದು ಅಲ್ಲಿಯೇ. ಆಮೇಲೆ ಎಸ್‌ಪ್ಲನೇಡ್ ಮ್ಯಾನ್ಷನ್ ಎಂಬ ಹೆಸರಿನಲ್ಲಿ ವಕೀಲರ ಕಚೇರಿಗಳೂ ಬಾಡಿಗೆದಾರರೂ ತುಂಬಿ, 2005ರಲ್ಲಿ ಒಂದು ಭಾಗ ಕುಸಿಯಿತು. 2006ರಲ್ಲಿ ಜಗತ್ತಿನ ಅಪಾಯದ ಕಟ್ಟಡಗಳ ಪಟ್ಟಿಗೆ ಸೇರಿತು. 2019ರಲ್ಲಿ ಎಲ್ಲರನ್ನೂ ಖಾಲಿ ಮಾಡಿಸಿದರು. ಕೆಡವಬೇಕೆಂದು ಒಂದು ತಜ್ಞವರದಿ, ಉಳಿಸಬಹುದೆಂದು ಇನ್ನೊಂದು. ನಮ್ಮ ಮೈಸೂರಿನಲ್ಲಿಯೂ ಇದೇ ಕಥೆ: 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡ ಕುಸಿದು ನಾಲ್ವರು ಸತ್ತರು, 2016ರಲ್ಲಿ ದೇವರಾಜ ಮಾರ್ಕೆಟ್ಟಿನ ಒಂದು ಭಾಗ ದುರಸ್ತಿ ನಡೆಯುತ್ತಿದ್ದಾಗಲೇ ಬಿತ್ತು, ಕೆಡಹುವುದೋ ಉಳಿಸುವುದೋ ಎಂಬ ತಕರಾರು ಕೋರ್ಟಿಗೆ ಹೋಯಿತು.

ಈಗ ಊರಿನ ಮಾತು. ನಮ್ಮ ಸಂಘದಲ್ಲಿ ಹದಿನಾರು ಕುಟುಂಬಗಳಿಗೆ ಘಟ್ಟದ ಕೆಳಗಿನ ಒಂದೇ ಊರಿನ ದೇವಸ್ಥಾನದ ಜೀರ್ಣೋದ್ಧಾರ ಸಮಿತಿಯಿಂದ ರಸೀದಿ ಪುಸ್ತಕ ಬಂದಿದೆ. ಮುರಕಲ್ಲಿನ ಗುಡಿ, ಹಲಸಿನ ಮರದ ಮುಚ್ಚಿಗೆ, ಅದರಲ್ಲಿ ಹೂಬಳ್ಳಿಯ ಕೆತ್ತನೆ, ಮೇಲೆ ಮಂಗಳೂರು ಹೆಂಚು. ಈ ಹೆಂಚಿನ ವಿಷಯ ಒಂದು ಮಾತು: 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ತೆರೆದ ಮೇಲೆ ಈ ಹೆಂಚುಗಳು ಹಡಗು ಹತ್ತಿ ಇದೇ ಮುಂಬಯಿಗೆ ಬಂದು ಎಷ್ಟೋ ಕಟ್ಟಡಗಳ ಮಾಡನ್ನು ಹೊದಿಸಿದವು. ಇಲ್ಲಿನ ವಾಸ್ತುಶಿಲ್ಪಿಗಳು ಹಳೆಯ ಮಾಡಿನ ದುರಸ್ತಿಗೆ ಅದೇ ನಮೂನೆಯ ಹೆಂಚನ್ನು ಹುಡುಕಿಕೊಂಡು ತಿರುಗುತ್ತಿರುವಾಗ, ಹೆಂಚಿನ ಹುಟ್ಟೂರಿನ ಬದಿಯಲ್ಲಿ ಅದನ್ನು ಇಳಿಸಿ ಕಾಂಕ್ರೀಟು ಹಾಕಲು ನಮ್ಮಿಂದಲೇ ಹಣ ಕೇಳುತ್ತಿದ್ದಾರೆ. ಮಕರ ಸಂಕ್ರಮಣ ಕಳೆದ ಮೇಲೆ ದೇವರನ್ನು ಬಾಲಾಲಯಕ್ಕೆ ಇಳಿಸಿ ಹಳೆಯ ಗುಡಿಯನ್ನು ಬಿಚ್ಚುವುದು, ಕಾಂಕ್ರೀಟಿನ ಸುತ್ತುಪೌಳಿ, ನೆಲಕ್ಕೆ ಗ್ರಾನೈಟು, ಆಮೇಲೆ ಬ್ರಹ್ಮಕಲಶ ಎಂದು ಕರಪತ್ರದಲ್ಲಿದೆ. ಮುಚ್ಚಿಗೆಯ ಕೆತ್ತನೆ ಏನಾಗುತ್ತದೆಂದು ಅದರಲ್ಲಿಲ್ಲ.

ಊರವರ ಕಡೆಯ ನ್ಯಾಯವನ್ನೂ ಹೇಳಬೇಕು. ಅವರಿಗೆ ಅದು ವಸ್ತುಸಂಗ್ರಹಾಲಯವಲ್ಲ, ದೇವರ ಮನೆ. ಮಾಡು ಸೋರುತ್ತದೆ, ಪಕಾಸು ಗೆದ್ದಲು ಹಿಡಿದಿದೆ, ಜಾತ್ರೆಯ ದಿನ ಜನ ನಿಲ್ಲಲು ಜಾಗವಿಲ್ಲ, ಮಳೆಗಾಲದಲ್ಲಿ ಪೂಜೆಯ ಭಟ್ಟರು ಪಾಚಿಯ ಮೇಲೆ ಜಾರಿಬಿದ್ದು ಎರಡು ತಿಂಗಳು ಮಲಗಿದ್ದರು. ವರ್ಷಕ್ಕೆ ಒಂದು ಸಲ ಬಂದು ಫೋಟೋ ತೆಗೆದು ಹೋಗುವ ಪರವೂರಿನವರಿಗೆ ಇದೆಲ್ಲ ಏನು ಗೊತ್ತು ಎಂದು ಅವರು ಕೇಳಿದರೆ ನಾವು ತಲೆ ತಗ್ಗಿಸಬೇಕಾದೀತು. ಜೀರ್ಣವಾದದ್ದನ್ನು ಹೊಸದು ಮಾಡುವುದು ನಮ್ಮ ಶಾಸ್ತ್ರಕ್ಕೆ ಸಮ್ಮತವೇ. ಹಾಗೆ ನೋಡಿದರೆ ಹಾಳಾದ ಪಕಾಸನ್ನು ತೆಗೆದು ಅದೇ ಜಾತಿಯ ಮರದ ಪಕಾಸು ಹಾಕುವುದನ್ನು ಯಾವ ವಾಸ್ತುಶಿಲ್ಪಿಯೂ ಬೇಡವೆನ್ನುವುದಿಲ್ಲ. ನಮ್ಮ ಅಭಿಪ್ರಾಯದಲ್ಲಿ ತಕರಾರಿರುವುದು ಪೌಳಿಯ ಮೇಲೂ ಅಲ್ಲ, ಜನಕ್ಕೆ ನೆರಳು ಬೇಕೇಬೇಕು, ಅದನ್ನು ಸ್ವಲ್ಪ ದೂರದಲ್ಲಿ ಕಟ್ಟಿಕೊಳ್ಳಲಿ. ಗರ್ಭಗುಡಿಯ ಮುರಕಲ್ಲಿಗೆ ಸಿಮೆಂಟು ಮೆತ್ತುವುದು, ಮುಚ್ಚಿಗೆಯನ್ನು ಸೌದೆಯ ಬೆಲೆಗೆ ಕಳಿಸುವುದು, ಇವೆರಡು ನಮಗೆ ಒಪ್ಪಿಗೆಯಿಲ್ಲ. ಮುರಕಲ್ಲಿನ ತೇವ ಎಲ್ಲಿ ಹೋಗಬೇಕು? ಧರ್ಮಸ್ಥಳದ ಧರ್ಮೋತ್ಥಾನ ಟ್ರಸ್ಟು 1991ರಿಂದ ಸರ್ಕಾರದ ಪುರಾತತ್ವ ಇಲಾಖೆಯೊಡನೆ ಸೇರಿ, ಊರವರ ಪಾಲನ್ನೂ ಕೂಡಿಸಿಕೊಂಡು, ಕರ್ನಾಟಕದಲ್ಲಿ ಇನ್ನೂರಕ್ಕೂ ಮಿಕ್ಕ ಹಳೆಯ ದೇವಾಲಯಗಳನ್ನು ಅವುಗಳ ಕಲ್ಲಿನಿಂದಲೇ ಎತ್ತಿ ನಿಲ್ಲಿಸಿದೆ. ಬಿದ್ದ ಕಲ್ಲಿಗೆ ಅಂಕಿ ಹಾಕಿ, ಬಿಚ್ಚಿ, ಅಡಿಪಾಯ ಗಟ್ಟಿಮಾಡಿ ಮತ್ತೆ ಅದೇ ಕ್ರಮದಲ್ಲಿ ಜೋಡಿಸುವ ವಿದ್ಯೆ ನಮ್ಮ ನಾಡಿನಲ್ಲಿ ಸತ್ತಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಆದ್ದರಿಂದ ನಾವು ಹದಿನಾರು ಮನೆಯವರು ಕೂತು ಮಾತಾಡಿ, ಹಣ ಕೊಡುವುದಿಲ್ಲ ಎಂದು ಬರೆಯಲಿಲ್ಲ. ಹಾಗೆ ಬರೆದರೆ ಮನಸ್ಸು ಮುರಿಯುತ್ತದೆ, ಗುಡಿಯೂ ಉಳಿಯುವುದಿಲ್ಲ. ಮೊದಲ ಕಂತಿನ ಹಣವನ್ನು ಮಾಡಿನ ದುರಸ್ತಿಗೆಂದೇ ಕೊಡುತ್ತೇವೆ, ಗುಡಿಯನ್ನು ಬಿಚ್ಚುವ ಮೊದಲು ಸಂರಕ್ಷಣೆಯನ್ನು ಓದಿದ ಒಬ್ಬ ವಾಸ್ತುಶಿಲ್ಪಿಯನ್ನೂ ಊರಿನ ಹಿರಿಯ ಬಡಗಿಯನ್ನೂ ಜೊತೆಗೆ ನಿಲ್ಲಿಸಿ ಅಳತೆ ಮಾಡಿಸಿ, ಆ ಖರ್ಚು ನಮ್ಮದು ಎಂದು ಬರೆದೆವು. ಸಮಿತಿಯ ಅಧ್ಯಕ್ಷರಿಂದ ಕಳೆದ ವಾರ ಉತ್ತರ ಬಂದಿದೆ. ಸಿಟ್ಟು ಇಲ್ಲ, ಒಪ್ಪಿಗೆಯೂ ಪೂರ್ತಿ ಇಲ್ಲ. "ನೀವೇ ಬನ್ನಿ, ನೋಡಿ, ಊರವರ ಎದುರಿಗೆ ಹೇಳಿ, ಡಿಸೆಂಬರ್ ಕೊನೆಯ ಆದಿತ್ಯವಾರ ಸಭೆ ಇದೆ, ಊಟದ ವ್ಯವಸ್ಥೆ ದೇವಸ್ಥಾನದಲ್ಲಿಯೇ" ಎಂದು ಬರೆದಿದ್ದಾರೆ. ನಾಲ್ಕು ಮಂದಿ ಹೋಗುವುದೆಂದು ನಿಶ್ಚಯವಾಗಿದೆ. ರೈಲಿನ ಟಿಕೇಟು ಈಗಲೇ ತೆಗೆಯಬೇಕು. ನಮ್ಮ ಸಭೆಯಲ್ಲಿ ಎಂಜಿನಿಯರರಿದ್ದಾರೆ, ಛಾಯಾಚಿತ್ರ ತೆಗೆಯುವ ಹುಡುಗರಿದ್ದಾರೆ, ಆ ಗುಡಿಯ ಮುಚ್ಚಿಗೆಯ ಕೆಳಗೆ ಮದುವೆಯಾದ ಅಜ್ಜಿಯಂದಿರೂ ಇದ್ದಾರೆ. ಜೊತೆಗೆ ಬರುವವರು ಊಟಕ್ಕೆ ಏಳುವ ಮೊದಲು ಕಾರ್ಯದರ್ಶಿಗಳ ಹತ್ತಿರ ಹೆಸರು ಬರೆಸಿರಿ. ಹಳೆಯ ಮದುವೆಯ ಫೋಟೋಗಳಲ್ಲಿ ಗುಡಿಯ ಮಾಡು, ಕಂಬ, ಏನಾದರೂ ಕಾಣುತ್ತಿದ್ದರೆ ಅವನ್ನೂ ತಂದುಕೊಡಿ; ವಾಸ್ತುಶಿಲ್ಪಿಗೆ ಅವು ಬೇಕಾಗುತ್ತವೆ.